ಎಂಟು ಅಣ್ಣತಮ್ಮಂದಿರ ಥಾಲರ್: ಮೊದಲು ತಲೆ ಎಣಿಸಿ, ಆಮೇಲೆ ದುಡ್ಡಿನ ಮಾತು

ಹಳೆಯ ಜರ್ಮನ್ ಬೆಳ್ಳಿ ನಾಣ್ಯ ಮಾರುವವರ ಬಾಯಲ್ಲಿ "ಅಪರೂಪ" ಅನ್ನುವ ಪದ ತುಂಬಾ ಅಗ್ಗ. ನಾನೂರು ವರ್ಷ ಹಳೆಯದು, ನಾವು ಹೆಸರೂ ಕೇಳಿರದ ಪುಟ್ಟ ಸಂಸ್ಥಾನದ್ದು, ಸುತ್ತಲೂ ಲ್ಯಾಟಿನ್ ಬರಹ ಬೇರೆ. ಅಪರೂಪವೇ ಇರಬೇಕು ಅಂತ ನಾವೂ ನಂಬಿಬಿಡುತ್ತೇವೆ. ಆದರೆ ವಯಸ್ಸು ನೋಡಿ ಅದು ಗೊತ್ತಾಗುವುದಿಲ್ಲ. ಯಾವ ವರ್ಷದ್ದು, ಯಾವ ಅಳತೆಯದು, ಯಾವ ಅಚ್ಚಿನದು, ಈಗ ಎಂಥ ಸ್ಥಿತಿಯಲ್ಲಿದೆ ಎಂದು ಒಂದೊಂದಾಗಿ ಬಿಡಿಸಿ ನೋಡಬೇಕು. ಅದನ್ನು ಮಾರುವವನ ಮಾತಿಗೆ ಬಿಡದೆ ನೀವೇ ಮಾಡಬಹುದು, ಕಷ್ಟವೇನಿಲ್ಲ.

ಇಲ್ಲಿ ಒಂದೇ ನಾಣ್ಯ ಹಿಡಿದು ಹೇಳುತ್ತೇನೆ. ಜರ್ಮನ್ ನಾಡಿನ ಸ್ಯಾಕ್ಸೆ-ವೈಮಾರ್ ಸಂಸ್ಥಾನದ "ಎಂಟು ಸಹೋದರರ ಥಾಲರ್". ಥಾಲರ್ ಅಂದರೆ ಆ ಕಾಲದ ದೊಡ್ಡ ಬೆಳ್ಳಿ ನಾಣ್ಯ. 1607ರಿಂದ 1619ರ ನಡುವಿನದು. ಒಂದು ಮುಖದಲ್ಲಿ ನಾಲ್ಕು ಹುಡುಗರು ಸಾಲಾಗಿ ನಿಂತಿದ್ದಾರೆ, ತಿರುಗಿಸಿದರೆ ಇನ್ನೂ ನಾಲ್ವರು. ಒಂದು ನಾಣ್ಯದ ಮೇಲೆ ಎಂಟು ದೊರೆಗಳು! ಈ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ನಾಣ್ಯ ನನಗೆ ಗೊತ್ತಿಲ್ಲ. ಪೂರ್ತಿ ಥಾಲರ್ ಮಾರುಕಟ್ಟೆಗೆ ಆಗಾಗ ಬರುತ್ತದೆ, ಹಾಗಾಗಿ ಹೋಲಿಸಿ ನೋಡಲು ಬೇಕಾದಷ್ಟು ಚಿತ್ರ ಸಿಗುತ್ತವೆ. ಅದೇ ಸಾಲಿನ ಅರ್ಧ ಥಾಲರ್, ಕಾಲು ಥಾಲರ್ ಕಾಣಸಿಗುವುದು ಅದಕ್ಕಿಂತ ಕಡಿಮೆ. ನಿಜವಾದ ಬೇಟೆ ಇರುವುದು ಅಲ್ಲಿ.

ಮೊದಲು ಮನೆತನದ ಕಥೆ ತಿಳಿದುಕೊಳ್ಳಿ

ಇದನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ. ನಾಣ್ಯದ ಮೇಲಿನ ಬರಹ ಓದುವಾಗ ಇದೇ ಕೈ ಹಿಡಿಯುವುದು.

ಸ್ಯಾಕ್ಸೆ-ವೈಮಾರ್ ದೊರೆ ಮೂರನೇ ಯೋಹಾನ್ 1605ರಲ್ಲಿ ತೀರಿಕೊಂಡ. ಹೆಂಡತಿ ಆನ್‌ಹಾಲ್ಟ್ ಮನೆತನದ ಡೊರೊಥಿಯಾ ಮರಿಯಾ. ಹಿಂದೆ ಉಳಿದವರು ಎಂಟು ಗಂಡುಮಕ್ಕಳು. ದೊಡ್ಡವನು ಯೋಹಾನ್ ಎರ್ನ್‌ಸ್ಟ್‌ಗೆ ಆಗ 11 ವರ್ಷ, ಕೊನೆಯವನು ಬರ್ನ್‌ಹಾರ್ಡ್‌ಗೆ ಒಂದು ವರ್ಷ ಆಗಿತ್ತಷ್ಟೇ. ದೊಡ್ಡ ಮಗನಿಗೇ ಎಲ್ಲ ಅನ್ನುವ ಪದ್ಧತಿ ಈ ಮನೆತನದಲ್ಲಿರಲಿಲ್ಲ. ಎಂಟೂ ಜನರಿಗೆ ಸಮಾನ ಹಕ್ಕು. ಹಾಗಾಗಿ ನಾಣ್ಯದ ಮೇಲೂ ಎಂಟೂ ಜನ ಬಂದರು. ಮಕ್ಕಳು ಚಿಕ್ಕವರಾದ್ದರಿಂದ ಸ್ಯಾಕ್ಸನಿಯ ಎಲೆಕ್ಟರ್ (ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ದೊರೆ) ಎರಡನೇ ಕ್ರಿಸ್ಟಿಯಾನ್ ಪೋಷಕನಾಗಿ ಆಡಳಿತ ನೋಡಿಕೊಂಡ. 1611ರಲ್ಲಿ ಅವನು ಸತ್ತ ಮೇಲೆ ಅವನ ತಮ್ಮ ಯೋಹಾನ್ ಗೆಯಾರ್ಗ್ ಆ ಹೊಣೆ ಹೊತ್ತ. 1615ರಲ್ಲಿ ಯೋಹಾನ್ ಎರ್ನ್‌ಸ್ಟ್ ತಾನೇ ಅಧಿಕಾರ ವಹಿಸಿಕೊಂಡ. ಹರಾಜು ಪಟ್ಟಿಗಳಲ್ಲಿ "ಕ್ರಿಸ್ಟಿಯಾನ್ ಪೋಷಕತ್ವದಲ್ಲಿ" ಎಂದು ಬರೆದಿದ್ದರೆ ಅದು ಮೊದಲ ಅವಧಿಯದು ಎಂದು ತಿಳಿಯಿರಿ.

ಎಂಟು ಜನರ ಹೆಸರು ಹುಟ್ಟಿದ ಕ್ರಮದಲ್ಲಿ ಹೀಗಿದೆ: ಯೋಹಾನ್ ಎರ್ನ್‌ಸ್ಟ್ (1594), ಫ್ರೀಡ್ರಿಕ್ (1596), ವಿಲ್‌ಹೆಲ್ಮ್ (1598), ಆಲ್ಬ್ರೆಕ್ಟ್ (1599), ಯೋಹಾನ್ ಫ್ರೀಡ್ರಿಕ್ (1600), ಎರ್ನ್‌ಸ್ಟ್ (1601), ಫ್ರೀಡ್ರಿಕ್ ವಿಲ್‌ಹೆಲ್ಮ್ (1603), ಬರ್ನ್‌ಹಾರ್ಡ್ (1604). ಹೆಸರುಗಳು ಒಂದರೊಳಗೊಂದು ಸೇರಿಕೊಂಡಿವೆ ನೋಡಿ. ಒಬ್ಬ ಫ್ರೀಡ್ರಿಕ್, ಇನ್ನೊಬ್ಬ ಯೋಹಾನ್ ಫ್ರೀಡ್ರಿಕ್, ಮತ್ತೊಬ್ಬ ಫ್ರೀಡ್ರಿಕ್ ವಿಲ್‌ಹೆಲ್ಮ್. ನಾಣ್ಯದ ಮೇಲೆ ಇವನ್ನೆಲ್ಲ ತುಂಡು ಮಾಡಿ ತುರುಕಿರುತ್ತಾರೆ. ಕ್ರಮ ಗೊತ್ತಿಲ್ಲದಿದ್ದರೆ ತಲೆ ಕೆಡುತ್ತದೆ.

ಮುಂದೆ ಇವರಿಗೆ ಏನಾಯಿತು ಅನ್ನುವುದು ನಾಣ್ಯ ಪರೀಕ್ಷೆಗೆ ಬೇಕಿಲ್ಲ, ಆದರೂ ಹೇಳದೆ ಇರಲಾಗುವುದಿಲ್ಲ. ಫ್ರೀಡ್ರಿಕ್ 1622ರಲ್ಲಿ ಫ್ಲ್ಯೂರಸ್ ಯುದ್ಧದಲ್ಲಿ ಸತ್ತ. ಯೋಹಾನ್ ಎರ್ನ್‌ಸ್ಟ್ 1626ರಲ್ಲಿ ದಂಡಯಾತ್ರೆಯಲ್ಲಿದ್ದಾಗಲೇ ಹಂಗೇರಿ ರಾಜ್ಯದಲ್ಲಿ ಪ್ರಾಣ ಬಿಟ್ಟ. ಯೋಹಾನ್ ಫ್ರೀಡ್ರಿಕ್‌ನ ಮೇಲೆ ಮಾಟಮಂತ್ರದ, ಸೈತಾನನ ಜೊತೆ ಒಪ್ಪಂದ ಮಾಡಿಕೊಂಡ ಆರೋಪ ಬಂತು, ಸ್ವಂತ ಅಣ್ಣತಮ್ಮಂದಿರ ಸೆರೆಯಲ್ಲೇ 1628ರಲ್ಲಿ ತೀರಿಕೊಂಡ. ಬರ್ನ್‌ಹಾರ್ಡ್ ಮೂವತ್ತು ವರ್ಷಗಳ ಯುದ್ಧದ ದೊಡ್ಡ ಸೇನಾಪತಿ. 1632ರಲ್ಲಿ ಲ್ಯೂಟ್ಸೆನ್‌ನಲ್ಲಿ ಸ್ವೀಡನ್ ದೊರೆ ಗುಸ್ಟಾವ್ ಅಡಾಲ್ಫ್ ಬಿದ್ದಾಗ ಸೈನ್ಯವನ್ನು ಕೈಗೆತ್ತಿಕೊಂಡವನು ಇವನೇ. ಎರ್ನ್‌ಸ್ಟ್ ಗೋಥಾ ಶಾಖೆ ಕಟ್ಟಿದ, ಮಕ್ಕಳೆಲ್ಲ ಶಾಲೆಗೆ ಬರಲೇಬೇಕು ಎಂದು 1642ರಲ್ಲೇ ನಿಯಮ ಮಾಡಿಸಿದ. ಫ್ರೀಡ್ರಿಕ್ ವಿಲ್‌ಹೆಲ್ಮ್ ಮಾತ್ರ 1619ರಲ್ಲಿ 16ನೇ ವಯಸ್ಸಿಗೇ ಹೋದ. ಎಂಟು ಏಳಾಯಿತು. ಅದೇ ವರ್ಷಗಳಲ್ಲಿ ಜರ್ಮನ್ ನಾಡಿನಲ್ಲೆಲ್ಲ ಕಳಪೆ ಬೆಳ್ಳಿಯ ನಾಣ್ಯಗಳ ಹಾವಳಿ ಎದ್ದು, 1623ರವರೆಗೂ ಹಣದ ವ್ಯವಸ್ಥೆಯೇ ಅಲ್ಲಾಡಿಹೋಯಿತು. ನಮ್ಮ ಥಾಲರ್ ಅದಕ್ಕಿಂತ ಮುಂಚಿನ ಒಳ್ಳೆ ಬೆಳ್ಳಿಯದು.

ಹೆಜ್ಜೆ 1: ತಲೆ ಎಣಿಸಿ

ತಮಾಷೆ ಅಲ್ಲ, ನಿಜವಾಗಿಯೂ ಎಣಿಸಿ. ಆ ಕಾಲದ ಸ್ಯಾಕ್ಸನ್ ಮನೆತನಗಳಿಗೆ ಅಣ್ಣತಮ್ಮಂದಿರ ನಾಣ್ಯ ಹೊಡೆಸುವ ರೂಢಿಯೇ ಇತ್ತು. ಎರಡೂ ಮುಖ ಸೇರಿ ಮೂರೇ ತಲೆ ಇದ್ದರೆ ಅದು ಎಲೆಕ್ಟರ್ ಶಾಖೆಯ ಕ್ರಿಸ್ಟಿಯಾನ್, ಯೋಹಾನ್ ಗೆಯಾರ್ಗ್, ಆಗಸ್ಟ್ ಎಂಬ ಮೂವರ ಥಾಲರ್. ಡ್ರೆಸ್ಡೆನ್‌ನಲ್ಲಿ ಹೊಡೆದದ್ದು. ಬೇಕಾದಷ್ಟು ಸಿಗುತ್ತದೆ. ನಾಲ್ಕು ತಲೆ ಇದ್ದರೆ ಸ್ಯಾಕ್ಸೆ-ಆಲ್ಟೆನ್‌ಬುರ್ಗ್‌ನದಿರಬಹುದು. ಅವರು ನಮ್ಮ ಎಂಟು ಜನರ ದೊಡ್ಡಪ್ಪನ ಮಕ್ಕಳು, 1603ರಲ್ಲಿ ಪಾಲಾಗಿ ಬೇರೆಯಾದವರು. ಎರಡೂ ಮುಖದಲ್ಲಿ ನಾಲ್ಕು ನಾಲ್ಕು, ಒಟ್ಟು ಎಂಟು ಇದ್ದರೆ ಮಾತ್ರ ವೈಮಾರ್.

ಗೊಂದಲ ಜಾಸ್ತಿ ಆಗುವುದು ಆಲ್ಟೆನ್‌ಬುರ್ಗ್‌ನ ಜೊತೆ. ಎರಡು ಶಾಖೆಗಳ ನಾಣ್ಯಗಳೂ ಸಾಲ್‌ಫೆಲ್ಡ್ ಊರಿನ ಟಂಕಸಾಲೆಯಲ್ಲೇ ಹೊಡೆಸಿದವು. ಎರಡರ ಮೇಲೂ ಡಬ್ಲ್ಯು, ಎ ಎಂಬ ಎರಡು ಅಕ್ಷರ ಕಾಣಬಹುದು. ಅದು ಟಂಕಸಾಲೆಯ ಮುಖ್ಯಸ್ಥ ವೋಲ್ಫ್ ಆಲ್ಬ್ರೆಕ್ಟ್‌ನ ಗುರುತು. "ಡಬ್ಲ್ಯು ಎ ಇದೆ, ಹಾಗಾಗಿ ಎಂಟು ಸಹೋದರರದ್ದೇ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಾರುವವನು ಒಂದೇ ಮುಖದ ಚಿತ್ರ ಹಾಕಿದ್ದರೆ ಎರಡನೆಯದನ್ನೂ ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ.

ಹೆಜ್ಜೆ 2: ಬರಹ ಓದಿ

ಲ್ಯಾಟಿನ್ ಬರುವುದಿಲ್ಲ ಎಂದು ಹೆದರಬೇಕಿಲ್ಲ. ಇಲ್ಲಿ ವ್ಯಾಕರಣ ಏನೂ ಇಲ್ಲ, ಬರೀ ತುಂಡು ಹೆಸರುಗಳ ಸಾಲು. ಜೆ ಬದಲು ಐ, ಯು ಬದಲು ವಿ ಇರುತ್ತದೆ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಡಿ, ಜಿ ಅಂದರೆ ದೇವರ ಕೃಪೆಯಿಂದ. ಐ, ಓ ಅಂದರೆ ಯೋಹಾನ್. ಅದರ ಹಿಂದೆ ಎರ್ನ್, ಫ್ರಿಡ್, ವಿಲ್, ಆಲ್ಬ್ ಎಂದು ಮುಂದುವರಿಯುತ್ತದೆ. ಕೊನೆಗೆ "ಡುಕ್ ಸಾಕ್ಸ್" ಎಂದು ಓದಿಕೊಳ್ಳುವಂತೆ ಇರುವುದು ಸ್ಯಾಕ್ಸನಿಯ ಡ್ಯೂಕರು ಎಂಬುದರ ತುಂಡು.

ಆಮೇಲೆ "ಯುಲ್, ಕ್ಲಿ, ಮೋನ್" ತರಹದ ತುಣುಕುಗಳು ಬಂದರೆ ಗಾಬರಿಯಾಗಬೇಡಿ. ಅವು ಕ್ರಮವಾಗಿ ಯೂಲಿಷ್, ಕ್ಲೇವೆ, ಬೆರ್ಗ್ ಎಂಬ ಮೂರು ಸಂಸ್ಥಾನಗಳ ಹೆಸರು, ಜರ್ಮನಿಯ ಪಶ್ಚಿಮದ ತುದಿಯಲ್ಲಿ ರೈನ್ ನದಿಯ ಕಡೆಯವು. ವೈಮಾರ್‌ಗೂ ಅವಕ್ಕೂ ಏನು ಸಂಬಂಧ? ಈ ಹುಡುಗರ ಮುತ್ತಜ್ಜಿ ಸಿಬಿಲ್ ಕ್ಲೇವೆ ಮನೆತನದವಳು. 1609ರಲ್ಲಿ ಅಲ್ಲಿನ ಕೊನೆಯ ದೊರೆ ಮಕ್ಕಳಿಲ್ಲದೆ ಸತ್ತಾಗ ಸ್ಯಾಕ್ಸನ್ನರು "ನಮಗೂ ಪಾಲಿದೆ" ಎಂದು ಎದ್ದು ನಿಂತರು. 1614ರ ಕ್ಸಾಂಟೆನ್ ಒಪ್ಪಂದದಲ್ಲಿ ಆ ನಾಡನ್ನು ಬ್ರಾಂಡೆನ್‌ಬುರ್ಗ್ ಮತ್ತು ನಾಯ್‌ಬುರ್ಗ್ ಮನೆತನಗಳು ಹಂಚಿಕೊಂಡವು. ಸ್ಯಾಕ್ಸನ್ನರ ಕೈಗೆ ಒಂದು ಗೇಣು ಜಾಗವೂ ಬರಲಿಲ್ಲ. ಬಿರುದನ್ನು ಮಾತ್ರ ನಾಣ್ಯದ ಮೇಲೆ ಹಾಕಿಕೊಂಡು ಓಡಾಡಿದರು. ಭೂಮಿ ಇಲ್ಲದ ಪಹಣಿ, ಅಲ್ವಾ?

ವರ್ಷ ಎಲ್ಲಿದೆ ಎಂದು ಹುಡುಕುವಾಗ ತಾಳ್ಮೆ ಬೇಕು. ತಲೆಗಳ ಮೇಲೆ, ಕೆಳಗಿನ ಖಾಲಿ ಜಾಗದಲ್ಲಿ, ಸುತ್ತಿನ ಬರಹದೊಳಗೆ, ಎಲ್ಲ ಕಡೆ ನೋಡಿ. ಅಂಕಿ ಪೂರ್ತಿ ಒಂದೇ ಕಡೆ ಇರಬೇಕೆಂದೇನಿಲ್ಲ, ಒಡೆದು ಹಾಕಿರಬಹುದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಫೋನಿನ ಕ್ಯಾಮೆರಾ ಕೂಡ ನಡೆಯುತ್ತದೆ, ಆದರೆ ಬೆಳಕನ್ನು ನೇರವಾಗಿ ಬಿಡದೆ ಒಂದು ಪಕ್ಕದಿಂದ ಬೀಳುವಂತೆ ಹಿಡಿಯಿರಿ. ಸವೆದ ಅಂಕಿಗಳು ಆ ನೆರಳಿನಲ್ಲೇ ಮೇಲೆದ್ದು ಕಾಣುವುದು.

ಓದಿದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಚುಕ್ಕೆ ಎಲ್ಲಿದೆ, ಹೆಸರು ಎಲ್ಲಿ ತುಂಡಾಗಿದೆ, ಬರಹದ ನಡುವೆ ಸಣ್ಣ ಗುರಾಣಿಗಳಿವೆಯೇ, ಟಂಕಸಾಲೆಯ ಗುರುತು ಯಾವ ಮೂಲೆಯಲ್ಲಿದೆ. ಇಂಥ ಚಿಕ್ಕಪುಟ್ಟ ವ್ಯತ್ಯಾಸಗಳಿಂದಲೇ ಒಂದು ಅಚ್ಚನ್ನು ಇನ್ನೊಂದರಿಂದ ಬೇರೆ ಮಾಡುವುದು.

ಹೆಜ್ಜೆ 3: ತೂಕ ಮತ್ತು ನೀರಿನ ಪರೀಕ್ಷೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ನಕಲಿಗಳು ಸಿಕ್ಕಿಬೀಳುವುದು ಇಲ್ಲೇ.

1566ರಲ್ಲಿ ಆಗ್ಸ್‌ಬುರ್ಗ್‌ನಲ್ಲಿ ಸೇರಿದ್ದ ಸಾಮ್ರಾಜ್ಯ ಸಭೆ ಥಾಲರ್‌ಗೆ ಒಂದು ಅಳತೆ ಗೊತ್ತು ಮಾಡಿತು. ಕಲೋನ್ ಮಾರ್ಕ್ ಎಂಬ ತೂಕದ, ಅಂದರೆ ಸುಮಾರು 233.8 ಗ್ರಾಂ, ಮಿಶ್ರ ಬೆಳ್ಳಿಯಿಂದ ಎಂಟು ಥಾಲರ್. ಶುದ್ಧತೆ ಸಾವಿರಕ್ಕೆ 889. ಲೆಕ್ಕ ಹಾಕಿದರೆ ಒಂದು ಥಾಲರ್ 29.2 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 26 ಗ್ರಾಂ. ಅಗಲ ಹೆಚ್ಚುಕಡಿಮೆ 4 ಸೆಂಟಿಮೀಟರ್. ಅರ್ಧ ಥಾಲರ್ 14.6 ಗ್ರಾಂ, ಕಾಲು ಥಾಲರ್ 7.3 ಗ್ರಾಂ. ನಾನೂರು ವರ್ಷ ಕೈಯಿಂದ ಕೈಗೆ ಓಡಾಡಿದ ನಾಣ್ಯ ಸ್ವಲ್ಪ ಸವೆದಿರುತ್ತದೆ, ಹಾಗಾಗಿ 28.5 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. 26 ಬಂದರೆ ಕಾರಣ ಕೇಳಿ. 31 ಬಂದರೆ ಇನ್ನೂ ಗಟ್ಟಿಯಾಗಿ ಕೇಳಿ.

ಬರೀ ತೂಕ ಸಾಲದು, ನಕಲಿ ಮಾಡುವವನಿಗೂ ತಕ್ಕಡಿ ಇದೆ. ಅದಕ್ಕೇ ನೀರಿನ ಪರೀಕ್ಷೆ. 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣದಾಗಿ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ತೂಗುಬಿಡಿ. ಗುಳ್ಳೆ ಅಂಟಿಕೊಂಡಿದ್ದರೆ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. 28.8 ಗ್ರಾಂ ನಾಣ್ಯಕ್ಕೆ ತಕ್ಕಡಿ 2.80 ತೋರಿಸಿದರೆ ಉತ್ತರ 10.29. 889ರ ಬೆಳ್ಳಿಗೆ ಬರಬೇಕಾದದ್ದು ಹತ್ತಿರಹತ್ತಿರ ಅಷ್ಟೇ. ಅದೇ ತೂಕದ ನಾಣ್ಯಕ್ಕೆ ತಕ್ಕಡಿ 3.3ರ ಮೇಲೆ ತೋರಿಸಿದರೆ ಉತ್ತರ 8.6ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಒಳಗಿರುವುದು ತಾಮ್ರದ ಯಾವುದೋ ಬೆರಕೆ, ಮೇಲೆ ಬೆಳ್ಳಿ ಬಣ್ಣ. ನಾಣ್ಯಕ್ಕೆ ಏನೂ ಆಗುವುದಿಲ್ಲ, ಮುಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ.

ಅಯಸ್ಕಾಂತ ಹಿಡಿದು ನೋಡುವುದು ಸುಲಭ, ಕಬ್ಬಿಣ ಇದ್ದರೆ ಅಂಟುತ್ತದೆ. ಅಂಟಲಿಲ್ಲ ಅಂದಮಾತ್ರಕ್ಕೆ ಬೆಳ್ಳಿ ಅಂತಲ್ಲ, ಹಿತ್ತಾಳೆಯೂ ಅಂಟುವುದಿಲ್ಲ.

ಒಂದು ಮಾತು ದಯವಿಟ್ಟು ಕೇಳಿ. ಅಕ್ಕಸಾಲಿಗರ ಹತ್ತಿರ ಒಯ್ದು ಒರೆಗಲ್ಲಿಗೆ ತಿಕ್ಕಿಸಬೇಡಿ, ಆಸಿಡ್ ಹಾಕಿಸಬೇಡಿ. ಅವರ ಕೆಲಸಕ್ಕೆ ಅದು ಸರಿ, ನಾಣ್ಯಕ್ಕೆ ಅದು ಗಾಯ. ಒಂದು ಗೆರೆ ಬಿದ್ದರೂ ಬೆಲೆ ಇಳಿಯಿತು. ಬೇಕೇ ಬೇಕು ಅಂದರೆ ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ಕಿರಣದಿಂದ ಲೋಹದ ಶುದ್ಧತೆ ನೋಡುವುದು) ಇರುವ ಹಾಲ್‌ಮಾರ್ಕ್ ಕೇಂದ್ರಕ್ಕೆ ಹೋಗಿ, ಅದು ಮುಟ್ಟದೆ ಅಳೆಯುತ್ತದೆ. ಆದರೆ ಆ ಯಂತ್ರ ಮೇಲ್ಪದರವನ್ನಷ್ಟೇ ನೋಡುವುದು. ಹಿಂದೆ ಬಿಲ್ಲೆಗಳನ್ನು ಅಚ್ಚಿಗೆ ಕೊಡುವ ಮೊದಲು ಹುಳಿ ದ್ರಾವಣದಲ್ಲಿ ಬೆಳ್ಳಗೆ ಮಾಡುತ್ತಿದ್ದರು, ಆಗ ಮೇಲಿನ ತಾಮ್ರ ಕರಗಿಹೋಗಿ ಬೆಳ್ಳಿ ಉಳಿಯುತ್ತಿತ್ತು. ಹಾಗಾಗಿ 889ಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಿದರೆ ಸಹಜ. 999 ತೋರಿಸಿದರೆ ಅನುಮಾನ ಪಡಿ. ಹಳೆಯ ಬೆಳ್ಳಿಯಲ್ಲಿ ಚಿನ್ನ, ಸೀಸದಂಥವು ಚೂರುಪಾರು ಇದ್ದೇ ಇರುತ್ತವೆ, ಈಗಿನ ಅಪ್ಪಟ ಬೆಳ್ಳಿಯಷ್ಟು ಶುದ್ಧ ಅದು ಆಗಿರಲು ಸಾಧ್ಯವಿಲ್ಲ.

ಹೆಜ್ಜೆ 4: ಅಂಚು ನೋಡಿ

ಹೊಸಬರು ಮುಖವನ್ನೇ ನೋಡುತ್ತಾ ಕೂರುತ್ತಾರೆ. ಅನುಭವ ಇರುವವರು ಮೊದಲು ಅಂಚು ತಿರುಗಿಸುತ್ತಾರೆ. ಈ ಥಾಲರ್‌ನ ಅಂಚು ನಯವಾಗಿರಬೇಕು, ಈಗಿನ ನಾಣ್ಯಗಳ ಹಾಗೆ ಗೀರುಗೀರು ಇರಕೂಡದು. ಅಂಚಿನ ಸುತ್ತ ನಡುವೆ ಒಂದು ಸಣ್ಣ ಗೆರೆ ಓಡಿದ್ದರೆ, ಅಥವಾ ಅದನ್ನು ಅರದಿಂದ ಉಜ್ಜಿ ಮುಚ್ಚಿದಂತಿದ್ದರೆ, ಎರಡು ಹೋಳು ಸೇರಿಸಿ ಮಾಡಿದ ನಕಲು ಅದು. ಮೈಮೇಲೆ ಸಣ್ಣ ಸಣ್ಣ ಗುಂಡನೆಯ ಗುಳಿ, ಅಕ್ಷರದ ಬುಡ ಚೂಪಾಗಿರದೆ ಬೆಣ್ಣೆಯ ಹಾಗೆ ಮೆತ್ತಗೆ ಕಾಣುವುದು, ಇವೆಲ್ಲ ಎರಕದ ಲಕ್ಷಣ.

ಪೂರ್ತಿ ದುಂಡಗಿಲ್ಲದಿರುವುದು, ಒಂದು ಕಡೆ ಅಚ್ಚು ಸರಿಯಾಗಿ ಕೂರದೆ ಮಸುಕಾಗಿರುವುದು, ಅಂಚಿನಲ್ಲಿ ಸಣ್ಣ ಸೀಳು, ಇವು ದೋಷವೇನಲ್ಲ. ಆ ಕಾಲದ ಕೆಲಸವೇ ಹಾಗೆ. ಎಂಟು ಮುಖ ತುಂಬಿದ ಚಿತ್ರ ಬೇರೆ, ಮೂಗು ಗಲ್ಲದಂಥ ಎತ್ತರದ ಭಾಗ ಮೊದಲು ಸವೆಯುತ್ತದೆ. ಎಂಟೂ ಮುಖ ಚೆನ್ನಾಗಿ ಉಳಿದ ನಾಣ್ಯ ಸಿಕ್ಕರೆ, ವರ್ಷ ಯಾವುದೇ ಇರಲಿ, ಅದಕ್ಕೊಂದು ಬೆಲೆ ಇದೆ.

ಇನ್ನೊಂದು ಉಪಾಯ ಇದೆ, ಇದು ನನಗೆ ತುಂಬಾ ಇಷ್ಟ. ನಿಮ್ಮ ನಾಣ್ಯದ ಮೇಲೆ ಇರುವ ಒಂದು ಏಟಿನ ಗುರುತು ಅಥವಾ ಗೀರು ಆರಿಸಿಕೊಳ್ಳಿ. ಇಂಟರ್ನೆಟ್‌ನಲ್ಲಿ ಅದೇ ವರ್ಷದ ಬೇರೆ ನಾಣ್ಯಗಳ ಚಿತ್ರ ನೋಡಿ. ಅದೇ ಗೀರು ಅದೇ ಜಾಗದಲ್ಲಿ ಇನ್ನೊಂದರ ಮೇಲೂ ಇದ್ದರೆ ಎರಡರಲ್ಲಿ ಒಂದಾದರೂ ನಕಲಿ, ಬಹುಶಃ ಎರಡೂ. ಅಚ್ಚಿನ ಬಿರುಕು ಎಷ್ಟು ನಾಣ್ಯದ ಮೇಲೆ ಬೇಕಾದರೂ ಬರಬಹುದು, ಅದು ಉಬ್ಬಿದ ಗೆರೆಯಾಗಿ ಕಾಣುತ್ತದೆ. ಆದರೆ ಬೇರೆ ಬೇರೆ ಜೇಬಿನಲ್ಲಿ ಓಡಾಡಿದ ಎರಡು ನಾಣ್ಯಕ್ಕೆ ಒಂದೇ ಏಟು ಒಂದೇ ಕಡೆ ಬೀಳುವುದುಂಟೇ?

ಹೆಜ್ಜೆ 5: ಕೊಂಡಿಯ ಗುರುತು ಹುಡುಕಿ

ನಮ್ಮಲ್ಲಿ ಕಾಸಿನ ಸರಕ್ಕೆ ನಾಣ್ಯ ಬೆಸೆಯುತ್ತಾರಲ್ಲ, ಅಲ್ಲೂ ಥಾಲರ್‌ಗಳನ್ನು ಕೊಂಡಿ ಹಾಕಿ ಕೊರಳಿಗೆ, ಕೋಟಿಗೆ ತೂಗುಬಿಟ್ಟುಕೊಳ್ಳುತ್ತಿದ್ದರು. ಮುಂದೆ ಯಾರೋ ಆ ಕೊಂಡಿ ತೆಗೆದು, ಅರದಿಂದ ಸರಿ ಮಾಡಿ, ಸಂಗ್ರಹಕಾರರಿಗೆ ಮಾರಿದರು. ತಲೆಗಳ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ ಅಂಚು ಚಪ್ಪಟೆಯಾಗಿದೆಯೇ, ಅಲ್ಲಿ ಬೆಸುಗೆಯ ಬಣ್ಣ ಬೇರೆ ಇದೆಯೇ, ಆ ಭಾಗದ ಅಕ್ಷರ ಮಾತ್ರ ಸವೆದಿದೆಯೇ ನೋಡಿ. ತೂತು ಮಾಡಿ ಆಮೇಲೆ ಮುಚ್ಚಿರುವುದೂ ಉಂಟು. ಅಕ್ಷರಗಳ ಸಂದಿಯಲ್ಲಿ ಚಿನ್ನದ ಬಣ್ಣ ಉಳಿದಿದ್ದರೆ ಯಾವಾಗಲೋ ಗಿಲೀಟು ಹಾಕಿಸಿದ್ದರು ಎಂದರ್ಥ. ಇವೆಲ್ಲ ನಾಣ್ಯ ಸುಳ್ಳು ಅನ್ನುವುದಕ್ಕೆ ಸಾಕ್ಷಿಯಲ್ಲ, ಬೆಲೆ ಮಾತ್ರ ತುಂಬಾ ಇಳಿಸುತ್ತವೆ. ದುಡ್ಡು ಕಡಿಮೆ ಇದ್ದು ಕಥೆಯೇ ಮುಖ್ಯ ಅನ್ನುವವರಿಗೆ ಕೊಂಡಿ ತೆಗೆದ ಥಾಲರ್ ಒಳ್ಳೆಯ ಆಯ್ಕೆ ಅಂತ ನಾನು ಹೇಳುತ್ತೇನೆ. ಕೊಳ್ಳುವಾಗ ಆ ಬೆಲೆಗೇ ಕೊಳ್ಳಬೇಕು, ಅಷ್ಟೇ.

ಹೆಜ್ಜೆ 6: ಜರ್ಮನ್ ಪಟ್ಟಿಯ ಭಾಷೆ

ಜರ್ಮನ್ ಹರಾಜು ಪಟ್ಟಿಯಲ್ಲಿ ಸ್ಥಿತಿಯನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಒಂದು ಎಸ್ ಇದ್ದರೆ ಚೆನ್ನಾಗಿ ಸವೆದದ್ದು. ಎರಡು ಎಸ್ ಇದ್ದರೆ ಪರವಾಗಿಲ್ಲ, ನಮ್ಮಂಥವರು ಕೊಳ್ಳುವ ಮಟ್ಟ. ವಿ ಜೆಡ್ ಇದ್ದರೆ ತುಂಬಾ ಚೆನ್ನಾಗಿದೆ. ಎಸ್ ಟಿ ಅಂದರೆ ಅಚ್ಚಿನಿಂದ ಈಗ ಬಂದ ಹಾಗೆ, ಈ ಕಾಲದ ನಾಣ್ಯದಲ್ಲಿ ಅದನ್ನು ನೋಡಿದರೆ ಎರಡು ಸಲ ಯೋಚಿಸಿ. "ಹೆಂಕೆಲ್‌ಶ್ಪೂರ್" ಅಂದರೆ ಕೊಂಡಿಯ ಗುರುತು, "ಗೆಲೋಖ್ಟ್" ತೂತಾದದ್ದು, "ಫೆರ್‌ಗೋಲ್ಡೆಟ್" ಗಿಲೀಟಾದದ್ದು, "ಗೆರೈನಿಗ್ಟ್" ತೊಳೆದದ್ದು. ಈ ನಾಲ್ಕು ಪದ ಗೊತ್ತಿದ್ದರೆ ಬಹಳಷ್ಟು ನಷ್ಟ ತಪ್ಪುತ್ತದೆ. ವಿವರಣೆಯ ಕೊನೆಯಲ್ಲಿ ಎಲ್ಲೋ ಮುದುಡಿಕೊಂಡು ಕೂತಿರುತ್ತವೆ.

ಆರ್, ಆರ್‌ಆರ್, ಆರ್‌ಆರ್‌ಆರ್ ಎಂದು ಇದ್ದರೆ ಅದು ಅಪರೂಪದ ಮಟ್ಟ. ಬರೆದವರು ಯಾರು? ಮಾರುವವರೇ. ಅದಕ್ಕೇ ಅದನ್ನು ಒಂದು ಅಭಿಪ್ರಾಯ ಎಂದು ಓದಿಕೊಳ್ಳಿ.

ಹೆಜ್ಜೆ 7: ಅಪರೂಪ ಹೌದೋ ಅಲ್ಲವೋ ನೀವೇ ನೋಡಿ

ಮಾರುವವನಿಂದ ಕ್ಯಾಟಲಾಗ್ ಸಂಖ್ಯೆ ಕೇಳಿ, ಅಂದರೆ ನಾಣ್ಯಗಳ ಪಟ್ಟಿ ಮಾಡಿದ ಪುಸ್ತಕಗಳಲ್ಲಿ ಆ ನಾಣ್ಯಕ್ಕೆ ಕೊಟ್ಟಿರುವ ಸಂಖ್ಯೆ. ಥಾಲರ್‌ಗಳಿಗೆ ಡೇವನ್‌ಪೋರ್ಟ್ ಸಂಖ್ಯೆ, ಸ್ಯಾಕ್ಸನ್ ಥಾಲರ್‌ಗಳಿಗೆ ಷ್ನೀ ಸಂಖ್ಯೆ, ಸಾಮಾನ್ಯ ಬಳಕೆಗೆ ಕೆಎಂ ಸಂಖ್ಯೆ. ಒಂದಾದರೂ ಕೊಡಬೇಕು. ಡೇವನ್‌ಪೋರ್ಟ್ ಪಟ್ಟಿ ಇರುವುದು ಥಾಲರ್ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಿಗೆ, ಹಾಗಾಗಿ ಅರ್ಧ, ಕಾಲು ಥಾಲರ್‌ಗೆ ಆ ಸಂಖ್ಯೆ ಕೊಟ್ಟಿದ್ದರೆ ಮಾರುವವನಿಗೇ ತಿಳಿದಿಲ್ಲ ಎಂದರ್ಥ.

ಆಮೇಲೆ ಹಳೆಯ ಹರಾಜುಗಳ ದಾಖಲೆ ನೋಡಿ. ಎಸಿಸರ್ಚ್ ತಾಣದಲ್ಲಿ ಹಿಂದಿನ ಹರಾಜುಗಳ ಚಿತ್ರಗಳು ರಾಶಿ ಇವೆ. ನುಮಿಸ್ಟಾದಲ್ಲಿ ಮಾದರಿಗಳ ಪಟ್ಟಿ ಇದೆ. ಬರ್ಲಿನ್‌ನ ಸರ್ಕಾರಿ ನಾಣ್ಯ ಸಂಗ್ರಹಾಲಯ ತನ್ನ ನಾಣ್ಯಗಳ ಚಿತ್ರವನ್ನು ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್‌ನಲ್ಲಿ ಹಾಕಿದೆ, ಕೆನೊಮ್ ಎಂಬ ತಾಣದಲ್ಲಿ ಜರ್ಮನಿಯ ಇನ್ನೂ ಹಲವು ಸಂಗ್ರಹಗಳು ಒಟ್ಟಿಗೆ ಸಿಗುತ್ತವೆ. ಹುಡುಕುವಾಗ ಇಂಗ್ಲಿಷ್ ಹೆಸರಿಗಿಂತ ಜರ್ಮನ್ ಹೆಸರು ಹಾಕಿ. "ಅಖ್ಟ್‌ಬ್ರೂಡರ್‌ಟಾಲರ್" (Achtbrüdertaler) ಎಂದು ಹುಡುಕಿದರೆ ಫಲಿತಾಂಶ ತುಂಬಾ ಜಾಸ್ತಿ.

ಈಗ ನಿಮ್ಮ ಕಾಗದ ಮುಂದಿಟ್ಟುಕೊಂಡು ಎಣಿಸಿ. ಅದೇ ವರ್ಷ, ಅದೇ ಅಳತೆಯ ನಾಣ್ಯ ಹಿಂದೆ ಎಷ್ಟು ಸಲ ಹರಾಜಿಗೆ ಬಂದಿದೆ? ಒಂದೇ ನಾಣ್ಯ ನಾಲ್ಕು ಸಲ ಕೈ ಬದಲಿಸಿದ್ದರೆ ಅದನ್ನು ಒಂದೆಂದೇ ಲೆಕ್ಕ ಹಿಡಿಯಿರಿ, ಗೀರು ಹೋಲಿಸಿದರೆ ಗೊತ್ತಾಗುತ್ತದೆ. ವರ್ಷಾವರ್ಷ ಬರುತ್ತಲೇ ಇರುವ ಪೂರ್ತಿ ಥಾಲರ್‌ಗೆ "ಅತಿ ಅಪರೂಪ" ಎಂಬ ಬೆಲೆ ಕೊಡಬೇಡಿ. ಬರಹದಲ್ಲಿ ಒಂದು ಚುಕ್ಕೆ ವ್ಯತ್ಯಾಸ ಇದೆ ಎಂದು ಎರಡು ಪಟ್ಟು ಕೇಳಿದರೂ ಕೊಡಬೇಡಿ, ಅಂಥ ಚುಕ್ಕೆಗಳು ಪ್ರತಿ ಅಚ್ಚಿನಲ್ಲೂ ಇವೆ, ಅದಕ್ಕೆ ದುಡ್ಡು ಕೊಡುವವರು ಬೆರಳೆಣಿಕೆ. ಅರ್ಧ ಥಾಲರ್ ಸಿಕ್ಕು, ಹಳೆಯ ದಾಖಲೆಯಲ್ಲಿ ಅದರ ಜೊತೆಗಾರರು ಒಂದೋ ಎರಡೋ ಕಂಡರೆ ಆಗ ಮಾತು ಬೇರೆ.

ಹೆಜ್ಜೆ 8: ಕೊಳ್ಳುವುದು, ತರಿಸುವುದು

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಇದೆ, ಸಾಮಾನ್ಯವಾಗಿ ಶೇಕಡಾ 20ರಿಂದ 25ರ ಆಸುಪಾಸು. 300 ಯೂರೋಗೆ ಕೂಗಿದಿರಿ ಅಂದುಕೊಳ್ಳಿ, ಶೇಕಡಾ 25 ಸೇರಿದರೆ 375, ವಿಮೆ ಸಹಿತ ಪಾರ್ಸೆಲ್ 40 ಹಿಡಿದರೆ 415. ಬ್ಯಾಂಕಿನ ವಿನಿಮಯ ಶುಲ್ಕ, ಕಸ್ಟಮ್ಸ್ ಇನ್ನೂ ಬಾಕಿ. ಹರಾಜು ಶುರುವಾಗುವ ಮೊದಲೇ ಈ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿ, ನಿಮ್ಮ ಗರಿಷ್ಠ ಕೂಗು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಕೂಗು ಏರುವಾಗ ಕೈ ತಡೆಯುವುದಿಲ್ಲ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದ, ಎನ್‌ಜಿಸಿ ಅಥವಾ ಪಿಸಿಜಿಎಸ್ ದರ್ಜೆ ಕೊಟ್ಟ ನಾಣ್ಯವಾದರೆ ತೂಗಲು ಆಗುವುದಿಲ್ಲ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ ಪರೀಕ್ಷಿಸಿ, ಅಲ್ಲಿ ಚಿತ್ರ ಇದ್ದರೆ ನಾಣ್ಯದ ಜೊತೆ ಹೋಲಿಸಿ. ಡಬ್ಬಿಯನ್ನೇ ನಕಲು ಮಾಡುವವರೂ ಇದ್ದಾರೆ.

ಭಾರತಕ್ಕೆ ತರಿಸುವವರು ದುಡ್ಡು ಕಟ್ಟುವ ಮೊದಲೇ ಎರಡು ಕಡೆ ಕೇಳಿ. ಹರಾಜು ಸಂಸ್ಥೆ ಭಾರತಕ್ಕೆ ವಿಮೆ ಸಹಿತ ಕಳಿಸುತ್ತದೆಯೇ? ಆ ದಿನಕ್ಕೆ ಬೆಳ್ಳಿ ನಾಣ್ಯದ ಆಮದಿನ ನಿಯಮ, ಸುಂಕ ಏನಿದೆ ಎಂದು ಕಸ್ಟಮ್ಸ್ ಏಜೆಂಟ್ ಏನು ಹೇಳುತ್ತಾರೆ? ಬೆಳ್ಳಿಯ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೋದ ವರ್ಷ ತರಿಸಿದ ಗೆಳೆಯರ ಮಾತು ಈ ವರ್ಷಕ್ಕೆ ಆಗಲಿಕ್ಕಿಲ್ಲ. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸಿ ಎಂದು ಕೇಳಬೇಡಿ. ಪಾರ್ಸೆಲ್ ಕಳೆದರೆ ವಿಮೆಯೂ ಅಷ್ಟಕ್ಕೇ ಸಿಗುವುದು. ಊರಿಗೆ ಬರುವ ಗೆಳೆಯರ ಬ್ಯಾಗಿನಲ್ಲಿ ತರಿಸುವುದಾದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಲು ಹೇಳಿ.

ಇನ್ನೊಂದು ವಿಷಯ, ಇದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯವೂ ಪುರಾತನ ವಸ್ತುವಾಗಬಹುದು, ಅಂಥದ್ದನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಇಲ್ಲಿ ತಂದಿಟ್ಟುಕೊಂಡು ಮುಂದೆ ಬೇಡವಾದಾಗ ಜರ್ಮನಿಯ ಹರಾಜಿಗೇ ವಾಪಸ್ ಕಳಿಸಿ ಮಾರೋಣ ಅಂದುಕೊಂಡಿದ್ದರೆ, ಮೊದಲೇ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಜರ್ಮನಿಯಲ್ಲೇ ನೆಲೆಸಿರುವ ಕನ್ನಡಿಗರಿಗೆ ಈ ತಾಪತ್ರಯ ಇಲ್ಲ. ನಾಣ್ಯ ಸಂತೆಗಳಿಗೆ ಹೋಗಿ ಕೈಯಲ್ಲಿ ಹಿಡಿದು ನೋಡುವ ಅವಕಾಶವೂ ಅವರಿಗಿದೆ. ಬಿಡುವಾದರೆ ಗೋಥಾದ ಫ್ರೀಡೆನ್‌ಸ್ಟೈನ್ ಅರಮನೆಗೂ ಹೋಗಿಬನ್ನಿ. ನಮ್ಮ ಎಂಟರಲ್ಲಿ ಆರನೆಯವನು ಎರ್ನ್‌ಸ್ಟ್ ಕಟ್ಟಿಸಿದ್ದು ಅದು. ಅಲ್ಲಿನ ನಾಣ್ಯ ಸಂಗ್ರಹಕ್ಕೆ 1712ರಲ್ಲಿ ಬುನಾದಿ ಹಾಕಿದವನು ಅವನ ಮೊಮ್ಮಗ.

ಹೆಜ್ಜೆ 9: ಮನೆಗೆ ಬಂದ ಮೇಲೆ

ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಯಾವುದೂ ಬೇಡ. ದೀಪಾವಳಿಗೆ ಪೂಜೆಯ ಬೆಳ್ಳಿ ಸಾಮಾನಿನ ಜೊತೆ ಯಾರಾದರೂ ಪ್ರೀತಿಯಿಂದ ಇದನ್ನೂ ಫಳಫಳ ಮಾಡಿಬಿಡುವ ಅಪಾಯ ನಮ್ಮ ಮನೆಗಳಲ್ಲಿ ಇದ್ದೇ ಇದೆ, ಹಾಗಾಗಿ ಎಲ್ಲರಿಗೂ ಮೊದಲೇ ಹೇಳಿಡಿ. ಮೇಲಿನ ಬೂದು, ಕಂದು, ನೀಲಿ ಛಾಯೆ ಕೊಳೆಯಲ್ಲ, ಶತಮಾನಗಳಲ್ಲಿ ಕೂತ ಪದರ. ಅದು ಹೋದರೆ ಬೆಲೆಯೂ ಹೋಯಿತು.

ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ, ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಳ್ಳಿ. ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಇಡಬೇಡಿ, ಕೆಲವು ವರ್ಷಕ್ಕೆ ಹಸಿರು ಅಂಟು ಬಿಡುತ್ತದೆ. ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನೇ ಕೊಳ್ಳಿ. ರಬ್ಬರ್ ಬ್ಯಾಂಡ್, ಪತ್ರಿಕೆಯ ಕಾಗದ ಎರಡೂ ಬೆಳ್ಳಿಗೆ ಶತ್ರು. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ, ತೇವ ಹೀರಿದ ಮೇಲೆ ಬದಲಿಸಿ.

ಕೊನೆಯದಾಗಿ ಒಂದು ಚೀಟಿ ಬರೆಯಿರಿ. ಸಂಸ್ಥಾನ, ವರ್ಷ, ಅಳತೆ, ಟಂಕಸಾಲೆ, ಗುರುತಿನ ಅಕ್ಷರ, ನೀವೇ ತೂಗಿದ ತೂಕ, ನೀರಿನ ಪರೀಕ್ಷೆಯ ಅಂಕಿ, ಕ್ಯಾಟಲಾಗ್ ಸಂಖ್ಯೆ, ಎಲ್ಲಿ ಯಾವಾಗ ಎಷ್ಟಕ್ಕೆ ಕೊಂಡದ್ದು. ಹಿಂದಿನ ಮಾಲೀಕರ ಹಳೆಯ ಚೀಟಿ ಜೊತೆಗೆ ಬಂದಿದ್ದರೆ, ಹರಿದು ಹಳದಿಯಾಗಿದ್ದರೂ ಎಸೆಯಬೇಡಿ, ಮುಂದೆ ಮಾರುವಾಗ ಆ ಕಾಗದಕ್ಕೂ ಬೆಲೆ ಇದೆ. ಬಿಲ್ಲು, ಕಸ್ಟಮ್ಸ್ ರಸೀದಿ, ಎರಡು ಮುಖದ ಮತ್ತು ಅಂಚಿನ ಚಿತ್ರಗಳನ್ನು ನಾಣ್ಯದ ಜೊತೆ ಒಂದೇ ಕಡೆ ಇಡದೆ ಬೇರೆ ಕಡೆ ಇಡಿ. ಕಳುವಾದರೆ ಪೊಲೀಸರಿಗೂ ವಿಮೆಯವರಿಗೂ ತೋರಿಸಲು ಅವೇ ಬೇಕಾಗುವುದು.